ಹೂಳಿನೊಳಗಿನ ನೀರು

ನದಿ ಕೆಟ್ಟಿದೆಯೇ ಎಂದು ನೋಡುವವರು ಸಾಮಾನ್ಯವಾಗಿ ಹರಿಯುವ ನೀರಿಗೆ ಬಾಟಲಿ ಅದ್ದುತ್ತಾರೆ. ತಪ್ಪಲ್ಲ. ಆದರೆ ಜಮಖಂಡಿಯ ಹತ್ತಿರ ನಿನ್ನೆ ಹರಿದ ಕೃಷ್ಣೆ ಇವತ್ತು ಅಲ್ಲಿಲ್ಲ. ಉಳಿಯುವುದು ತಳದ ಹೂಳು, ಅದರ ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡ ನೀರು. ಆ ನೀರನ್ನು ಪರೀಕ್ಷಿಸಬೇಕೇ ಎಂಬುದು ನನಗೆ ವಿಜ್ಞಾನದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಹೂಳನ್ನೇ ಪರೀಕ್ಷಿಸಿದರೆ ಸಾಲದೆ? ನಮ್ಮ ಕಡೆಯ ಹಳೆಯ ಹಗೇವು ನೆನೆಯಿರಿ. ಹಗೇವಿನಲ್ಲಿ ಎಷ್ಟು ಜೋಳ ಇದೆ ಎಂಬುದು ಒಂದು ಲೆಕ್ಕ, ತಾಟಿಗೆ ಎಷ್ಟು ರೊಟ್ಟಿ ಬಂತು ಎಂಬುದು ಇನ್ನೊಂದು. ಹೂಳಿನಲ್ಲಿ ಸತು, ತಾಮ್ರ, ಸೀಸ ಇದ್ದರೂ ಸಲ್ಫೈಡಿಗೆ ಅಂಟಿ ಕೂತಿದ್ದರೆ ತಳದ ಹುಳುಗಳಿಗೆ ಅಷ್ಟಾಗಿ ತಾಗವು. ಕರಗಿ ನೀರಿಗಿಳಿದದ್ದೇ ಹೆಚ್ಚಾಗಿ ಅವುಗಳ ಮೈ ಸೇರುವುದು.

ಆ ನೀರನ್ನು ತೆಗೆಯುವುದು ನಾಜೂಕಿನ ಕೆಲಸ. ಹೂಳಿಗೆ ಗಾಳಿ ತಾಗಿದರೆ ಕರಗಿದ್ದ ಕಬ್ಬಿಣ ತುಕ್ಕಾಗುತ್ತದೆ, ಜೊತೆಗೆ ಆರ್ಸೆನಿಕ್ಕನ್ನೂ ಫಾಸ್ಫೇಟನ್ನೂ ಹಿಡಿದುಕೊಳ್ಳುತ್ತದೆ. ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ನೀರು ಇದ್ದುದಕ್ಕಿಂತ ಒಳ್ಳೆಯದಾಗಿರುತ್ತದೆ! ಅದಕ್ಕೇ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಾರೆ. ಹೆಸ್ಲೈನ್ ಎಂಬ ವಿಜ್ಞಾನಿ 1976ರಲ್ಲಿ ವಿವರಿಸಿದ ಉಪಾಯ ಇನ್ನೂ ಸರಳ: ಸಣ್ಣ ಸಣ್ಣ ಕುಳಿಗಳುಳ್ಳ ಒಂದು ಹಲಗೆ, ಕುಳಿಗಳಲ್ಲಿ ಶುದ್ಧ ನೀರು, ಮೇಲೆ ತೆಳುವಾದ ಪೊರೆ. ಹೂಳಿನಲ್ಲಿ ನೆಟ್ಟು, ಒಳಗಿನ ನೀರು ಹೊರಗಿನಂತೆಯೇ ಆಗುವ ತನಕ ಒಂದೆರಡು ವಾರ ಕಾಯಬೇಕು.

ಇನ್ನು ನನ್ನನ್ನು ಕಾಡುವ ಆಕ್ಷೇಪ. ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿ ಬದುಕುವವರಿದ್ದಾರೆ. ಮುಧೋಳದ ಸುತ್ತ ಕಬ್ಬು, ಸಕ್ಕರೆ ಕಾರ್ಖಾನೆಗಳು, ಗೊಬ್ಬರ, ಔಷಧ. ಹೂಳಿನಲ್ಲಿ ಏನಾದರೂ ಸಿಕ್ಕರೆ ಮೊದಲ ನೋಟೀಸು ಯಾರ ಮನೆಗೆ? ಬಣ್ಣದ ತೊಟ್ಟಿ ಕಣ್ಣಿಗೆ ಕಾಣುತ್ತದೆ, ಹೊಲಹೊಲದಿಂದ ಬಸಿದ ಯೂರಿಯಾ ಕಾಣುವುದಿಲ್ಲ. ಹಾಗಾದರೆ ತಿಳಿಯದೇ ಇರುವುದೇ ಕರುಣೆಯಲ್ಲವೆ?

ಅಲ್ಲ ಎನ್ನುತ್ತೇನೆ. ಅಳತೆ ಇಲ್ಲದಾಗ ಗಾಳಿಮಾತು ಇರುತ್ತದೆ, ಅದು ಹಿಡಿಯುವುದೂ ಆ ಬಡವನನ್ನೇ. ಅಳತೆ ಇದ್ದರೆ 'ಇದರಲ್ಲಿ ನನ್ನ ಪಾಲೆಷ್ಟು?' ಎಂದಾದರೂ ಅವನು ಕೇಳಬಹುದು. ಹೂಳು ಯಾರ ಹೆಸರನ್ನೂ ಹೇಳುವುದಿಲ್ಲ, ನಿಜ. ಊರಿನ ಮೇಲೂ ಕೆಳಗೂ ನೋಡಿದರೆ ಎಲ್ಲಿಂದ ಹೆಚ್ಚಾಯಿತು ಎಂಬ ಸುಳಿವಂತೂ ಕೊಡುತ್ತದೆ.

1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಚಿಕ್ಕಪಡಸಲಗಿಯಲ್ಲಿ ತಮ್ಮದೇ ದುಡ್ಡು, ಬೆವರು ಹಾಕಿ ಬ್ಯಾರೇಜು ಕಟ್ಟಿದರು. ನೀರು ನಮ್ಮದು ಎನ್ನಲು ಅವರಿಗಿಂತ ಹಕ್ಕಿನವರು ಯಾರು? ಆದರೆ ನೀರು ನಿಂತಲ್ಲಿ ಹೂಳೂ ನಿಲ್ಲುತ್ತದೆ. ನೀರು ನಮ್ಮದು, ಹೂಳು ಮೇಲಿನೂರಿನವರದು ಎನ್ನಲಾಗದು. ಅಲ್ಲಿ ನಿಲ್ಲದ ನುಣುಪು ಕೆಸರು ಬೀಳಗಿಯ ಕಡೆ, ಆಲಮಟ್ಟಿಯ ಹಿನ್ನೀರಿಗೆ ಹೋಗುತ್ತದೆ. ಮುಧೋಳದ ಘಟಪ್ರಭೆಯೂ ಕೃಷ್ಣೆಯನ್ನು ಕೂಡುವುದು ಆ ಹಿನ್ನೀರಿನಲ್ಲೇ. ಹೊಲಮನೆ ಮುಳುಗಿಸಿಕೊಂಡ ಬೀಳಗಿಯ ಜನ ನಮ್ಮ ಕೆಸರನ್ನೂ ಕೇಳದೆ ಇಟ್ಟುಕೊಳ್ಳಬೇಕೇ?

ಹೂಳೆತ್ತಿ ಹೊಲಕ್ಕೆ ಹೇರುವುದು ನಮ್ಮಲ್ಲಿ ಹಳೆಯ ರೂಢಿ, ಒಳ್ಳೆಯ ರೂಢಿ. ಆದರೆ ಗಾಳಿ ತಾಗಿದಾಗ ಸಲ್ಫೈಡು ಹಿಡಿದಿಟ್ಟಿದ್ದ ಲೋಹಗಳು ಬಿಚ್ಚಿಕೊಳ್ಳುತ್ತವೆ. ಟ್ರ್ಯಾಕ್ಟರು ಇಳಿಯುವ ಮೊದಲು ಆ ಹಲಗೆಯನ್ನು ಎರಡು ವಾರ ಅಲ್ಲಿ ನೆಟ್ಟಿಡಿ ಎಂದಷ್ಟೇ ನಾನು ಕೇಳುವುದು.