ಬಚ್ಚಲಿನಾಚೆಯ ನೀರು ಯಾರದು?

ನಗರವಾಸಿಗಳಾದ ನಮ್ಮ ಆಸ್ತಿಕ ಕುಟುಂಬಗಳಲ್ಲಿ ನೀರಿನ ವಿಷಯವಾಗಿ ನಡೆಯುವಷ್ಟು ವಿಚಾರ ಮತ್ತಾವ ಪದಾರ್ಥದ ವಿಷಯವಾಗಿಯೂ ನಡೆಯುವುದಿಲ್ಲವೆಂದರೆ ತಪ್ಪಾಗಲಾರದು. ಮಡಿನೀರು ಯಾವುದು, ಪೂಜೆಗೆ ತುಂಬಿಟ್ಟ ಕೊಡವನ್ನು ಯಾರು ಮುಟ್ಟಬಹುದು, ಹಿಂದಿನ ದಿನದ ನೀರು ನೈವೇದ್ಯದ ಅಡಿಗೆಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಗಳು ಎರಡು ಕೋಣೆಯ ಫ್ಲಾಟಿನಲ್ಲಿಯೂ ಜೀವಂತವಾಗಿವೆ. ಕೊಳಾಯಿ ಹೊಸದಾಗಿ ಬಂದ ಕಾಲದಲ್ಲಿ ಅದರ ತಿರುಪಿನೊಳಗೆ ಚರ್ಮದ ಬಿಲ್ಲೆಯಿದೆಯೆಂದು ತಿಳಿದು ಬಾವಿಯನ್ನೇ ಹುಡುಕಿಕೊಂಡು ಹೋದ ಹಿರಿಯರಿದ್ದರು. ಅವರನ್ನು ಕಂಡು ನಾವು ನಗುವುದಿಲ್ಲ. ಒಳಗೆ ಬರುವ ನೀರು ಎಲ್ಲಿಂದ ಬಂತು, ಏನನ್ನು ಮುಟ್ಟಿ ಬಂತು ಎಂದು ಕೇಳುವ ಸ್ವಭಾವ ಒಳ್ಳೆಯದೇ. ಆದರೆ ಆ ಪ್ರಶ್ನೆಗೆ ಇನ್ನೊಂದು ಅರ್ಧವಿದೆ. ನಮ್ಮ ಬಚ್ಚಲಿನಿಂದ ಹೊರಗೆ ಹೋದ ನೀರು ಎಲ್ಲಿಗೆ ಹೋಯಿತು, ಯಾರನ್ನು ಮುಟ್ಟಿತು? ಈ ಅರ್ಧವನ್ನು ಕೇಳುವುದು ಧರ್ಮವಿಚಾರವೋ, ಅಥವಾ ಕೇವಲ ನಗರಪಾಲಿಕೆಯ ಕೆಲಸವೋ ಎಂಬುದೇ ಈ ಲೇಖನದ ವಿಷಯ.

ಒಳಗೆ ಬರುವ ನೀರಿನ ಸಂಗತಿಯನ್ನು ಮೊದಲು ನೋಡೋಣ. ಮುಂಬಯಿಗೆ ಏಳು ಜಲಾಶಯಗಳಿಂದ ನೀರು ಬರುತ್ತದೆ. ತಾನಸಾ ೧೮೯೨ರಷ್ಟು ಹಳೆಯದು. ಮಧ್ಯ ವೈತರಣಾ ೨೦೧೪ರದು. ಹೆಚ್ಚಿನ ಪಾಲು ಭಾಂಡುಪಿನಲ್ಲಿ ಶುದ್ಧವಾಗುತ್ತದೆ. ಪಟಿಕ ಸೇರಿದಾಗ ತೇಲುವ ಮಣ್ಣು ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ, ಉಳಿದದ್ದು ಮರಳಿನ ಹಾಸಿನಲ್ಲಿ ಸೋಸಿಹೋಗುತ್ತದೆ, ಕೊನೆಗೆ ಕ್ಲೋರಿನ್ ಸೇರುತ್ತದೆ. ನಮ್ಮ ನಲ್ಲಿಯವರೆಗೂ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ರೈಲ್ವೆಯಲ್ಲಿ ನಾವು ಕೆಲಸದಲ್ಲಿದ್ದಾಗ ಆರೋಗ್ಯ ನಿರೀಕ್ಷಕರು ಪ್ಲಾಟ್‌ಫಾರಂ ನಲ್ಲಿಗಳ ನೀರಿಗೆ ಆರ್ಥೋಟಾಲಿಡಿನ್ ದ್ರವದ ಹನಿ ಬಿಟ್ಟು ಹಳದಿ ಬಣ್ಣ ಬರುವುದನ್ನು ಕಂಡೇ ಮುಂದಕ್ಕೆ ಹೋಗುತ್ತಿದ್ದರು. ನೀರಿಗೆ ಔಷಧದ ವಾಸನೆಯೆಂದು ಮೂಗು ಮುರಿಯುವ ಮಹನೀಯರು ಇದನ್ನು ಗಮನಿಸಬೇಕು. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರುಗಳಲ್ಲಿ, ಕೊಳವೆ ಬರಿದಾದಾಗ ಒತ್ತಡ ತಗ್ಗಿ, ಪಕ್ಕದಲ್ಲೇ ಹೂತಿರುವ ಚರಂಡಿಯ ರಸ ಬಿರುಕುಗಳ ಮೂಲಕ ಒಳಗೆ ಸೇರುತ್ತದೆ. ಆ ವಾಸನೆಯೇ ಅಲ್ಲಿ ಕಾವಲುಗಾರ. ಅಂದರೆ ಮಡಿನೀರಿಗೂ ಮೋರಿನೀರಿಗೂ ನಡುವೆ ನಾವು ಕಲ್ಪಿಸಿಕೊಂಡಿರುವ ಅಂತರ ಹಲವು ಬೀದಿಗಳಲ್ಲಿ ಒಂದೆರಡು ಮೊಳ ಮಾತ್ರ.

ಈ ಅಂತರ ಒಮ್ಮೆ ಸಂಪೂರ್ಣವಾಗಿ ಅಳಿದುಹೋದದ್ದು ದೆಹಲಿಯಲ್ಲಿ. ೧೯೫೫ರ ಮಳೆಗಾಲದ ಕೊನೆಯಲ್ಲಿ ಯಮುನೆಗೆ ಪ್ರವಾಹ ಬಂದು ಇಳಿಯಿತು. ಇಳಿಯುವಾಗ ನದಿ ತನ್ನ ಪಾತ್ರವನ್ನು ಬದಲಿಸಿತು. ನಗರಕ್ಕೆ ಕುಡಿಯುವ ನೀರನ್ನು ಎತ್ತುವ ಸ್ಥಾನ ವಜೀರಾಬಾದಿನಲ್ಲಿತ್ತು. ನಜಫ್‌ಗಢ ನಾಲೆ ಕೊಳಚೆಯನ್ನು ತಂದು ನದಿಗೆ ಸುರಿಯುತ್ತಿದ್ದುದೂ ಅದರ ಸಮೀಪದಲ್ಲೇ. ಪಾತ್ರ ಬದಲಾದ ಕಾರಣ ನವೆಂಬರ್ ತಿಂಗಳಲ್ಲಿ ಸುಮಾರು ಒಂದು ವಾರ ಆ ಕೊಳಚೆ ನೀರೆತ್ತುವ ಸ್ಥಾನವನ್ನೇ ಸೇರಿತು. ಅಧಿಕಾರಿಗಳು ಕೈಕಟ್ಟಿ ಕೂಡಲಿಲ್ಲ. ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದರು. ವಿಷಮಶೀತಜ್ವರವೂ ಆಮಶಂಕೆಯೂ ಹೆಚ್ಚಲಿಲ್ಲ. ಎಲ್ಲವೂ ಪಾರಾಯಿತೆಂದುಕೊಳ್ಳುವಷ್ಟರಲ್ಲಿ ಡಿಸೆಂಬರ್ ತಿಂಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಜನವರಿ ಕಳೆಯುವುದರೊಳಗೆ ಸುಮಾರು ೨೯,೦೦೦ ಜನರ ಕಣ್ಣು ಹಳದಿಯಾಗಿತ್ತು. ಸತ್ತವರ ಪ್ರಮಾಣ ಗರ್ಭಿಣಿಯರಲ್ಲಿ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಅಂದು ತೆಗೆದಿಟ್ಟ ರಕ್ತದ ಮಾದರಿಗಳನ್ನು ೧೯೮೦ರಲ್ಲಿ ಪರೀಕ್ಷಿಸಿದಾಗ ಅದುವರೆಗೆ ಹೆಸರಾಗಿದ್ದ ಎ ಮತ್ತು ಬಿ ಬಗೆಯ ಕಾಮಾಲೆಗಳು ಇದಲ್ಲವೆಂದು ತಿಳಿಯಿತು; ಇಂದು ಇದನ್ನು ಹೆಪಟೈಟಿಸ್ ಇ ಎನ್ನುತ್ತಾರೆ. ಬ್ಯಾಕ್ಟೀರಿಯವನ್ನು ಕೊಂದ ಕ್ಲೋರಿನ್ನಿಗೆ ಈ ವೈರಸ್ಸು ಪೂರ್ಣವಾಗಿ ಬಗ್ಗಲಿಲ್ಲ.

ಆ ಡಿಸೆಂಬರಿನಲ್ಲಿ ದೆಹಲಿಯ ಮನೆಗಳಲ್ಲಿ ಸ್ನಾನ ಮಾಡಿ, ಒಗೆದ ಬಟ್ಟೆಯುಟ್ಟು, ತೊಳೆದ ಕೊಡದಲ್ಲಿ ನೀರು ತುಂಬಿದವರು ಇರಲಿಲ್ಲವೇ? ಇದ್ದೇ ಇದ್ದರು. ಅವರ ಆಚಾರದಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ಊರಿನ ಇನ್ನೊಂದು ತುದಿಯಲ್ಲಿ, ಯಾರೂ ತನ್ನದೆಂದು ಹೇಳದ ನೀರಿನಲ್ಲಿ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರುತ್ತಾರೆ. ಗಂಗೆ, ಯಮುನೆ ಮೊದಲಾದವರು ಸ್ವತಃ ಪಾವನರು, ಅವರಿಗೆ ಮಲಿನತೆ ಎಲ್ಲಿಂದ, ಹಾಗೆನ್ನುವುದೇ ನಾಸ್ತಿಕ್ಯವೆಂದು. ನಾವು ಗೌರವದಿಂದಲೇ ಹೇಳುತ್ತೇವೆ: ಇದು ತತ್ತ್ವವಾದಿಗಳ ಬಾಯಲ್ಲಿ ಬರತಕ್ಕ ಮಾತಲ್ಲ. ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಭೇದ ಸತ್ಯ. ಗಂಗೆಯೆಂಬ ಅಭಿಮಾನಿ ದೇವತೆ ಬೇರೆ, ಆಕೆಯ ಅಭಿಮಾನಕ್ಕೆ ಒಳಪಟ್ಟ ಜಡವಾದ ಉದಕ ಬೇರೆ. ದೇವತೆಗೆ ಲೇಪವಿಲ್ಲವೆಂಬುದರಿಂದ ಜಡಕ್ಕೂ ಲೇಪವಿಲ್ಲವೆಂದು ಸಾಧಿಸಹೊರಟರೆ ಎರಡನ್ನೂ ಒಂದೇ ಮಾಡಿದಂತಾಯಿತು. ಸ್ನಾನಕ್ಕೆ ಯೋಗ್ಯವಾದ ನದೀಜಲದ ನೂರು ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರಂ ೫೦೦ಕ್ಕೆ ಮೀರದಿರುವುದು ಲೇಸು, ೨,೫೦೦ಕ್ಕೆ ಮಾತ್ರ ಎಂದೂ ಮೀರಬಾರದು ಎಂದು ನಿಯಮವಿದೆ. ಆ ಅಣುಜೀವಿಗಳೂ ಸತ್ಯವೇ, ಮಿಥ್ಯೆಯಲ್ಲ. ಇಷ್ಟಕ್ಕೂ ನೀರಿನಲ್ಲಿ ಮಲಮೂತ್ರ ವಿಸರ್ಜಿಸಬಾರದು, ಉಗುಳಬಾರದು ಎಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವೇ ನಿಷೇಧಿಸುತ್ತದೆ. ನೀರು ಕೆಡಲಾರದೆಂಬುದು ಸ್ಮೃತಿಕಾರರ ಅಭಿಪ್ರಾಯವಾಗಿದ್ದರೆ ಈ ನಿಷೇಧಕ್ಕೆ ಅರ್ಥವೇನು?

ರೈಲ್ವೆಯಲ್ಲಿ ಆಯುಷ್ಯ ಕಳೆದ ನಮಗೆ ಈ ಪ್ರಸಂಗದಲ್ಲಿ ಒಂದು ದೃಶ್ಯ ನೆನಪಾಗದೆ ಇರದು. ರಾಜಮಹೇಂದ್ರಿಯ ಬಳಿ ಗಾಡಿ ಗೋದಾವರಿಯ ಸೇತುವೆಯನ್ನೇರಿದೊಡನೆ ಪ್ರಯಾಣಿಕರು ಕೈಮುಗಿದು ನದಿಗೆ ನಾಣ್ಯ ಹಾಕುವರು. ಅದೇ ಡಬ್ಬಿಯ ಶೌಚಾಲಯದ ಕೊಳವೆ ಅದೇ ನದಿಗೆ ತೆರೆದಿರುತ್ತಿತ್ತು. ಬಯೋ ಟಾಯ್ಲೆಟ್ಟುಗಳು ಬರುವವರೆಗೆ, ಅಂದರೆ ತೀರ ಈಚಿನ ವರ್ಷಗಳವರೆಗೆ, ಇದು ಹೀಗೆಯೇ ನಡೆಯಿತು. ನಾಣ್ಯ ಹಾಕಿದವರ ಭಕ್ತಿ ಕಪಟವೆಂದು ನಾವು ಹೇಳುವುದಿಲ್ಲ. ಅದು ಕಿಟಕಿಯವರೆಗೆ ಮಾತ್ರ ಇತ್ತು, ಅಷ್ಟೆ.

ಎರಡನೆಯ ಆಕ್ಷೇಪ ಲೌಕಿಕವಾದದ್ದು, ಆದ್ದರಿಂದ ಹೆಚ್ಚು ಬಲವಾದದ್ದು. ತೆರಿಗೆ ಕೊಟ್ಟಾಯಿತು, ಉಳಿದದ್ದು ಪಾಲಿಕೆಯ ಹೊಣೆ ಎನ್ನುತ್ತಾರೆ. ಹೊಣೆಯನ್ನು ಒಪ್ಪಿಸಿದವನು ಅದು ನಡೆಯಿತೇ ಎಂದು ಕೇಳಲೂಬೇಕಷ್ಟೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ೨೦೨೧ರ ವರದಿಯಂತೆ ದೇಶದ ನಗರಗಳಲ್ಲಿ ದಿನಕ್ಕೆ ೭೨,೩೬೮ ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತಿತ್ತು. ವಾಸ್ತವವಾಗಿ ಶುದ್ಧಿಯಾಗುತ್ತಿದ್ದುದು ೨೦,೨೩೫ ದಶಲಕ್ಷ ಲೀಟರ್. ಉಳಿದದ್ದು ಯಾವುದೋ ನದಿಗೆ, ಯಾರದೋ ಕುಡಿಯುವ ನೀರಿಗೆ. ಪಾಲಿಕೆಯ ಮಾತು ಹಾಗಿರಲಿ. ನಾವು ಬಲ್ಲ ಒಂದು ಗೃಹಸಂಘದಲ್ಲಿ ಸ್ವಂತದ ಶುದ್ಧೀಕರಣ ಘಟಕವಿದೆ. ಅಲ್ಲಿ ಕೊಳಚೆಯನ್ನು ತಿನ್ನುವುದು ಬ್ಯಾಕ್ಟೀರಿಯಗಳೇ. ಅವು ಬದುಕಲು ಹಗಲಿರುಳೂ ಗಾಳಿಯೂದಬೇಕು. ವಿದ್ಯುತ್ತಿನ ಖರ್ಚು ಹೆಚ್ಚೆಂದು ಅದನ್ನು ತಪಾಸಣೆಯ ದಿನ ಮಾತ್ರ ನಡೆಸುವುದೆಂದು ಸಭೆಯಲ್ಲಿ ಬಹುಮತದಿಂದ ನಿಶ್ಚಯವಾಯಿತು. ಕೈಯೆತ್ತಿದವರಲ್ಲಿ ಏಕಾದಶಿಯಂದು ತೊಟ್ಟು ನೀರೂ ಮುಟ್ಟದ ನಿಷ್ಠಾವಂತರಿದ್ದರು. ಒಂದು ಕಟ್ಟಡದಿಂದ ಏನಾದೀತು ಎಂದರು. ಸಂಧ್ಯೆಯಲ್ಲಿ ಕೊಡುವ ಅರ್ಘ್ಯವೂ ಒಂದು ಬೊಗಸೆಯೇ. ಅದರಿಂದೇನಾದೀತೆಂದು ಅವರು ಒಂದು ದಿನವೂ ಬಿಟ್ಟವರಲ್ಲ.

ಹಾಗೆ ನೋಡಿದರೆ ಮನೆಯೊಳಗೇ ಎಷ್ಟೋ ಸಂಗತಿಗಳಿವೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವುದು, ಅವಧಿ ಮೀರಿದ ಮಾತ್ರೆಗಳನ್ನು ಶೌಚಕ್ಕೆ ಹಾಕುವುದು, ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದ ಸಮೇತ ಖಾಡಿಗೆ ಎಸೆಯುವುದು. ಇವನ್ನು ವಿಸ್ತರಿಸುವ ಅಗತ್ಯವಿಲ್ಲ. ಗೃಹಿಣಿಯರು ನಮಗಿಂತ ಚೆನ್ನಾಗಿ ಬಲ್ಲರು. ಎಣ್ಣೆಯ ಮಾತನ್ನು ಮಾತ್ರ ಮುಂದುವರಿಸುತ್ತೇವೆ. ಅದು ಕೊಳವೆಯಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ, ಚರಂಡಿ ಕಟ್ಟುತ್ತದೆ, ಆಮೇಲೆ ಒಬ್ಬ ಮನುಷ್ಯನನ್ನು ಕರೆಸುತ್ತಾರೆ.

ಆ ಮನುಷ್ಯ ಇಳಿಯುವ ಗುಂಡಿಯಲ್ಲಿ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲ ತಂಗಿರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ಎಚ್ಚರಿಕೆಯೂ ಸಿಗುವುದಿಲ್ಲ. ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಹೀಗೆ ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧ. ಇಳಿಸಿದ ಗೃಹಸ್ಥರೂ ಅದಕ್ಕೆ ಹೊರತಲ್ಲ. ಸತ್ತವನ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕೆಂದು ೨೦೧೪ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತೆಂಬುದರಿಂದಲೇ ಸಾವುಗಳು ನಿಂತಿರಲಿಲ್ಲವೆಂದು ತಿಳಿಯುತ್ತದೆ. ಯಂತ್ರದಿಂದ ಚರಂಡಿ ತೆರವು ಮಾಡುವ ಗಾಡಿಗಳು ಇಂದು ದೊಡ್ಡ ನಗರಗಳಲ್ಲೆಲ್ಲ ಇವೆ. ಬಾಡಿಗೆ ಸ್ವಲ್ಪ ಹೆಚ್ಚು, ಒಂದೆರಡು ದಿನ ಕಾಯಬೇಕಾದೀತು.

ಆತ ಮೇಲೆ ಬಂದು ಕೂಲಿ ಪಡೆದು ಹೋದ ಮೇಲೆ ಮೆಟ್ಟಿಲಿಗೆ ನೀರು ಹಾಕಿ ತೊಳೆಯುವ ಮನೆಗಳನ್ನು ನಾವು ನೋಡಿದ್ದೇವೆ. ಆತನ ಮೈಗೆ ಅಂಟಿದ್ದು ಆತನ ಮನೆಯದಲ್ಲ. ತೊಳೆದ ಆ ನೀರೂ ಮೆಟ್ಟಿಲಿಳಿದು ಅದೇ ಗುಂಡಿಗೆ ಹೋಗುತ್ತದೆ.