ಪಕ್ಕದ ಸೀಟಿನ ಸಾಕ್ಷಿ

ಅಪ್ರೈಸಲ್ ಮುಗಿದ ಸಂಜೆ ಕಾಫಿ ಕುಡಿಯುವಾಗ ಒಬ್ಬರಾದರೂ ಈ ಮಾತು ಹೇಳ್ತಾರೆ: "ನಂಗೆ ಯಾಕೆ ಹೈಕ್ ಕಮ್ಮಿ ಅಂತ ಗೊತ್ತು. ಆದ್ರೆ ಪ್ರೂವ್ ಮಾಡೋಕಾಗಲ್ಲ ಬಿಡು." ನಾವೂ 'ಹೌದು, ಪಾಪ' ಅಂದು ಲೋಟ ಕೆಳಗಿಡುತ್ತೇವೆ.

ಕೊಡಗಿನ ಸಿ.ಬಿ. ಮುತ್ತಮ್ಮನವರಿಗೆ ಪುರಾವೆಯ ಕೊರತೆ ಅಷ್ಟಿರಲಿಲ್ಲ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಹೆಣ್ಣು ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೀಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದು ಅಂತ ನಿಯಮದಲ್ಲೇ ಬರೆದಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೀತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು.

ಈಗ ಯಾರೂ ಹಾಗೆ ಬರೆದಿಡೋದಿಲ್ಲ. 'ಟೀಮ್‌ಗೆ ಹೊಂದಿಕೊಳ್ಳಲ್ಲ', 'ಇನ್ನೂ ರೆಡಿಯಿಲ್ಲ' ಅಂದರೆ ಮುಗೀತು. ಬಾಸ್ ಮನಸ್ಸಲ್ಲಿ ಏನಿತ್ತು ಅಂತ ಕೋರ್ಟು ಹೇಗೆ ನೋಡೀತು?

ನೋಡಲೇಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಸೇನೆಯ ಮಹಿಳಾ ಅಧಿಕಾರಿಗಳನ್ನು ಕಾಯಂ ಮಾಡುವಾಗ ಅವರ ಹಳೆಯ ಗೋಪ್ಯ ವರದಿಗಳನ್ನು ಗಂಡಸರಿಗಿದ್ದ ಅಳತೆಯಲ್ಲೇ ತೂಗಿದ್ದರು. ಆದರೆ ಆ ವರದಿ ಬರೆದ ಕಾಲಕ್ಕೆ ಈ ಹೆಂಗಸರು ಕಾಯಂ ಆಗುವ ಮಾತೇ ಇರಲಿಲ್ಲ, ಬರೆದವರು ತಲೆಕೆಡಿಸಿಕೊಂಡಿರಲಿಲ್ಲ. ಅಳತೆ ಒಂದೇ, ಫಲ ಮಾತ್ರ ಬೇರೆ. ಉದ್ದೇಶಕ್ಕಿಂತ ಪರಿಣಾಮ ಮುಖ್ಯ ಅಂದಿತು ಕೋರ್ಟ್.

ಆದರೆ ಪರಿಣಾಮ ಕಾಣೋದು ಹೋಲಿಸಿದಾಗ. ಸೇನೆಯಲ್ಲಿ ಹೋಲಿಸೋಕೆ ಕಡತಗಳಿದ್ದವು. ನಮ್ಮ ಆಫೀಸಲ್ಲಿ? ನನ್ನ ಸಂಬಳ ನಂಗೆ ಗೊತ್ತು, ಪಕ್ಕದವಳದ್ದು ಅವಳಿಗೆ. ಇಬ್ಬರೂ ಬಾಯಿಬಿಡದಿದ್ದರೆ ತಾರತಮ್ಯ ಅನ್ನೋದು ಬರೀ ಅನುಮಾನವಾಗಿ ಉಳಿಯುತ್ತೆ. ಅಂದರೆ ಸಾಕ್ಷಿ ಇಲ್ಲ ಅಂತಲ್ಲ. ಅದು ನನ್ನ ಪೇಸ್ಲಿಪ್ಪಲ್ಲಿದೆ, ನನ್ನ ರೇಟಿಂಗಲ್ಲಿದೆ, ಮೀಟಿಂಗಲ್ಲಿ ನಾನು ಕೇಳಿಸಿಕೊಂಡು ಸುಮ್ಮನಾದ ಮಾತಲ್ಲಿದೆ.

ಹೇಳಿದರೆ ನಮ್ಮ ಕೆಲಸಕ್ಕೇ ಕುತ್ತು ಅನ್ನೋ ಭಯ ಸುಳ್ಳಲ್ಲ. ತಿಂಗಳು ತಿಂಗಳು ಇಎಂಐ ಕಟ್ಟಬೇಕು. ಎಲ್ಲರೂ ಕಟಕಟೆ ಹತ್ತಲೇಬೇಕು ಅಂತ ನಾನು ಹೇಳಲಾರೆ. ಆದರೆ ಅನ್ಯಾಯವಾದವರ ಹತ್ತಿರ ಇರೋದು ಲೆಕ್ಕದ ಅರ್ಧ ಮಾತ್ರ. ಇನ್ನರ್ಧ ಇರೋದು ಹೆಚ್ಚು ಸಿಕ್ಕಿದವರ ಹತ್ತಿರ. ಹೊಣೆಯೂ ಅವರದ್ದೇ ಹೆಚ್ಚು. ಆ ಅಸಮಾನತೆಯನ್ನು ಅವರು ಮಾಡಿಲ್ಲ, ನಿಜ. ಮುಚ್ಚಿಡೋದು ಮಾತ್ರ ಅವರ ಕೈಲಿದೆ.

ಮುಂದಿನ ಸಲ ಯಾರಾದರೂ 'ಪ್ರೂವ್ ಮಾಡೋಕಾಗಲ್ಲ ಬಿಡು' ಅಂದಾಗ, 'ನಿಂಗೆಷ್ಟು ಬಂತು?' ಅಂತ ಕೇಳೋ ಮುಂಚೆ, 'ನಂಗೆ ಇಷ್ಟು ಬಂತು' ಅಂತ ಹೇಳೋಣ.