ಉತ್ತರ ಸರಿ ಬಂತಲ್ಲ!

ಮಗಳು ಬಿ.ಸಿ.ಎ. ಸೇರಿದ ಹೊಸತು. ಅಕಾರಾದಿಯಾಗಿ ಜೋಡಿಸಿದ 1000 ಹೆಸರುಗಳಲ್ಲಿ ಒಂದನ್ನು ಹುಡುಕುವ ಪ್ರೋಗ್ರಾಂ ಬರೆಯಬೇಕಿತ್ತು. ನಾವು ನಿಘಂಟು ನೋಡುವ ಹಾಗೆಯೇ: ನಡುವೆ ತೆರೆದು, ಬೇಡದ ಅರ್ಧ ಬಿಟ್ಟು, ಉಳಿದರ್ಧವನ್ನು ಮತ್ತೆ ನಡುವೆ ತೆರೆಯುವುದು. ಹೆಚ್ಚೆಂದರೆ 10 ಸಲ, ಹೆಸರು ಸಿಕ್ಕೇ ಸಿಗುತ್ತದೆ. ಇವಳು ಗೆಳತಿಯದನ್ನು ಹಾಗೇ ಇಳಿಸಿಕೊಂಡಿದ್ದಳು.

"ಇದು ಕಳ್ಳತನ ಅಲ್ಲವೇನೇ?" ಎಂದೆ.

"ಉತ್ತರ ಸರಿ ಬಂತಲ್ಲಮ್ಮ! ಮೂರನೇ ಕ್ಲಾಸಲ್ಲಿ ನನ್ನ ಕಾಪಿರೈಟಿಂಗ್ ಬರೆದವರು ಯಾರು?"

ನಾನೇ. ಮಗು ನಿದ್ದೆಗೆ ತೂಗುತ್ತಿತ್ತು; ಅವಳ ಸೊಟ್ಟ ಅಕ್ಷರವನ್ನೇ ಅನುಕರಿಸಿ ಎರಡು ಪುಟ ತುಂಬಿಸಿದ್ದೆ. ಅದನ್ನು ಮಮತೆ ಎಂದುಕೊಂಡಿದ್ದೆ. ನೀವೂ ಬರೆದಿರಬಹುದು, ಬಿಡಿ.

ಜಾವಾ ಭಾಷೆಯ ಭಂಡಾರಕ್ಕೆ ಇದೇ ಹುಡುಕಾಟದ ಪ್ರೋಗ್ರಾಂ ಬರೆದವರು ಜೋಶುವಾ ಬ್ಲಾಕ್. ಪಟ್ಟಿ 100 ಕೋಟಿ ದಾಟಿದರೆ ಮಾತ್ರ ಕಾಣುವ ತಪ್ಪೊಂದು ಅದರಲ್ಲಿ ಸುಮಾರು 9 ವರ್ಷ ಅಡಗಿತ್ತು. ಅಲ್ಲಿಯವರೆಗೂ ಉತ್ತರ ಸರಿಯೇ ಬರುತ್ತಿತ್ತು! 2006ರಲ್ಲಿ ಅವರೇ ಅದನ್ನು ಎಲ್ಲರಿಗೂ ಬರೆದು ತಿಳಿಸಿದರು. ನನ್ನದು ಎನ್ನಲು ಅವರಿಗೊಂದು ತಪ್ಪಾದರೂ ಇತ್ತು. ಇಳಿಸಿಕೊಂಡವಳಿಗೆ ಏನಿದೆ? ಬರೆಸದೆ ಬರೆದುಕೊಟ್ಟ ನನಗೆ?

ಆ ಕಾಪಿ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಮೊನ್ನೆ ತೆಗೆದು ನೋಡಿದೆ. ಯಾವ ಎರಡು ಪುಟ ನನ್ನವೆಂದು ನನಗೇ ಗುರುತು ಹತ್ತಲಿಲ್ಲ.